ಮರಳವಾಡಿಯ ಚಪ್ಪರದಲ್ಲಿ ಅಮೆರಿಕದ ಗಟ್ಟಿಮೇಳ

ನಮ್ಮ ಯಜಮಾನರಿಗೆ ರಾಮನಗರದಲ್ಲಿ ಮೈಕ್‌ಸೆಟ್ ಅಂಗಡಿ ಇತ್ತು. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಗೋಡೆಗೆ ಒರಗಿಸಿದ ಹಾರ್ನುಗಳು, ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು, ಲಾರಿಗೆ ಹಾಕುವಂಥ ಬ್ಯಾಟರಿ, ಸುತ್ತಿಟ್ಟ ವೈರು. ರೆಕಾರ್ಡುಗಳನ್ನು ಮಾತ್ರ ತಗಡಿನ ಟ್ರಂಕಿನಲ್ಲಿ ನಿಲ್ಲಿಸಿ, ಮೇಲೆ ನನ್ನ ಹಳೆಯ ಸೀರೆಯ ತುಂಡು ಹೊದಿಸಿ ಇಡುತ್ತಿದ್ದರು. ಆ ಟ್ರಂಕಿಗೆ ದಿನಾ ಬೆಳಿಗ್ಗೆ ದೇವರ ಕೋಣೆಯಿಂದ ಒಂದು ಹೂವು ತಂದಿಡುವುದು ನನ್ನ ಪಾಲಿನ ಕೆಲಸ. ನಾವು ಉಣ್ಣುತ್ತಿದ್ದ ಅನ್ನ ಅದರೊಳಗಿಂದಲೇ ಬರುತ್ತಿತ್ತಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಅವರು ಸಿನಿಮಾ ಹಾಡಿನ ರೆಕಾರ್ಡುಗಳ ಒಂದು ಕಟ್ಟು ತಂದರು. ಬಿಚ್ಚಿ ನೋಡಿದರೆ ನಡುವೆ ಒಂದು ಪರದೇಶದ್ದು. ರಟ್ಟಿನ ಕವರಿನ ಮೇಲೆ ಪೈರು ಕೊಯ್ದ ಹೊಲ. ಹೊಲದ ನಡುವೆ ಗೋಡೆಯೂ ಇಲ್ಲದ, ಸೂರೂ ಇಲ್ಲದ ಒಂದು ಬಾಗಿಲು ತೆರೆದು ನಿಂತಿತ್ತು. ಹಿಂದುಗಡೆ ಆರು ಜನ ಗಂಡಸರ ಚಿಕ್ಕ ಪಟ. ಹೆಂಗಸರಂತೆ ಕೂದಲು ಬಿಟ್ಟಿದ್ದರು. ಒಬ್ಬನ ಕಂಕುಳಲ್ಲಿ ಕೂಸು.

“ಕಟ್ಟಿನ ಜೊತೆ ತೂರ್ಸವ್ನೆ ನನ್ಮಗ,” ಎಂದು ಯಜಮಾನರು ಗೊಣಗಿದರು. ಆದರೂ ಹಾಕಿ ನೋಡೋಣವೆಂದು ಮಾಳಿಗೆಯ ಮೇಲೆ ಹಾರ್ನು ಕಟ್ಟಿ ಮುಳ್ಳು ಇಟ್ಟರು.

ನಾನು ಕೆಳಗೆ ಒಲೆಯ ಮುಂದೆ ಇದ್ದೆ. ಮೊದಲಿಗೆ ಏನೂ ಕೇಳಲಿಲ್ಲ. ಆಮೇಲೆ ಒಂದು ನಾದ. ಗರ್ಭಗುಡಿಯ ಗಂಟೆ ನಿಂತ ಮೇಲೂ ಕಿವಿಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಎಲ್ಲಿ ಶುರುವಾಯಿತೆಂದು ಹೇಳಲು ಬರುವುದಿಲ್ಲ. ಅದರ ಮೇಲೆ ಕೊಳಲು ಬಂತು, ಆಮೇಲೆ ಒಬ್ಬ ಗಂಡಸು ಯಾರಿಗೋ ಬುದ್ಧಿ ಹೇಳುವಂತೆ ಸ್ವಲ್ಪ ಹಾಡಿದ. ಅವನ ದನಿ ಅಡಗಿತು. ಮತ್ತೆ ಕೊಳಲು. ಕೊನೆಗೆ ಡ್ರಮ್ಮುಗಳೂ ಆರ್ಗನ್ನೂ ಇನ್ನೂ ಏನೇನೋ ವಾದ್ಯಗಳೂ ಒಟ್ಟಿಗೆ ಎದ್ದವು. ಕಪಾಟಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ನಡುಗಿದವು. ನಾನು ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗು ಹೊದ್ದು, ಗೊತ್ತಿಲ್ಲದೆಯೇ ಕೈ ಮುಗಿದಿದ್ದೆ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ. ಭಗವಂತ ಯಾವ ಬಾಯಲ್ಲಿ ಬಂದರೂ ಮೈಗೆ ಗೊತ್ತಾಗುತ್ತದೆ.

ಯಜಮಾನರಿಗೆ ಅದರಲ್ಲಿ ಬೇರೆಯದೇ ಉಪಯೋಗ ಕಂಡಿತು. ಬಾಡಿಗೆಗೆ ಕಳಿಸುವ ಮುನ್ನ ಪ್ರತಿ ಹಾರ್ನನ್ನೂ ಪರೀಕ್ಷೆ ಮಾಡಬೇಕಲ್ಲ. “ಈ ಪ್ಲೇಟಲ್ಲಿ ಇಲಿ ಕಿಚಕ್ ಅನ್ನೋದ್ರಿಂದ ಹಿಡ್ದು ಆನೆ ಘೀಳಿಡೋಗಂಟ ಎಲ್ಲಾ ಐತೆ ಕಣೆ. ಇದು ಸರ್ಯಾಗ್ ಕೇಳಿದ್ರೆ ಹಾರ್ನ್ ಸರ್ಯಾಗೈತೆ ಅಂತ್ಲೇ,” ಎಂದರು. ಅಂದಿನಿಂದ ಅದರ ಹೆಸರು ಟೆಸ್ಟ್ ಪ್ಲೇಟು. ಎಲ್ಲಿಗೆ ಹೋದರೂ ಟ್ರಂಕಿನಲ್ಲಿ ಅದು ಇರಲೇಬೇಕು.

ಹೀಗೆ ನಮ್ಮ ಬೀದಿಗೆಲ್ಲ ಅದು ದಿನನಿತ್ಯದ ಸದ್ದಾಯಿತು. ಎದುರು ಮನೆಯ ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ. “ಏನವ್ವಾ, ನಿಮ್ಮನೇಲಿ ಹೊತ್ತಾರೆಗೇ ದೆವ್ವ ಬುಡುಸ್ತಾವ್ರಾ?”

“ದೆವ್ವ ಅಲ್ಲ ಕಣಜ್ಜಿ, ಹಾರ್ನ್ ಟೆಸ್ಟು.”

“ಅಂಗಾರೆ ದೆವ್ವ ನಿನ್ ಗಂಡನ್ಗೇ ಹಿಡ್ದೈತೆ ಬುಡು.”

ನನಗೆ ಆ ಹಾಡು ಅಡುಗೆಯ ಜೊತೆ ಸೇರಿಹೋಯಿತು. ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಆ ಗಂಟೆಯ ನಾದ ಬಂದಾಗ ಮುದ್ದೆಗೆ ಎಸರು ಇಟ್ಟರೆ, ಎರಡನೆಯ ಸಲ ಕೊಳಲು ಬರುವಾಗ ನೀರು ಮರಳುತ್ತಿತ್ತು. ಹಿಟ್ಟು ಸುರಿದು ಬೇಯಲು ಬಿಟ್ಟು, ಕೋಲು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಡ್ರಮ್ಮು. ಅದರ ಏಟಿಗೆ ಕೋಲು ತಿರುವಲು ಹೋದರೆ ಮಾತ್ರ ಕೈ ತಪ್ಪುತ್ತಿತ್ತು. ನಮ್ಮ ಭಜನೆಯ ತಾಳಕ್ಕೆ ಹೊಂದುವುದಿಲ್ಲ. ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದು ಏಟು ಕಡಿಮೆ. ತಪ್ಪಿ ತಪ್ಪಿ ಕೊನೆಗೆ ನನ್ನ ಕೈಯೇ ಅದಕ್ಕೆ ಬಗ್ಗಿತು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೈಕು ಕೇಳಲು ಬಂದ ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ಯಜಮಾನರು ಕವರು ತೋರಿಸಿದರು. ಮೇಷ್ಟ್ರು ಹಿಂದೆ ಮುಂದೆ ತಿರುಗಿಸಿ ಓದಿದರು. “ಇದು ಅಮೆರಿಕದ್ದು. ಪ್ರೋಗ್ರೆಸಿವ್ ರಾಕ್ ಅಂತಾರೆ, ಉದ್ದುದ್ದ ಹಾಡು ಕಟ್ಟೋ ಸಂಗೀತ. ನಾನು ಈ ಥರದ್ದನ್ನ ಹುಡುಕಿ ಹುಡುಕಿ ಕೇಳೋನು, ಇವರ ಹೆಸರೇ ಕೇಳಿಲ್ಲ. ಯಾವುದೋ ಸಣ್ಣ ಊರಿನವರು. ಅವರ ದೇಶದಲ್ಲೇ ಯಾರೂ ಕೊಂಡಿರಲಿಕ್ಕಿಲ್ಲ,” ಎಂದರು.

“ಆಮೇಲೆ ಏನ್ ಮಾಡ್ಕಂಡಿರ್ತಾರೆ ಸಾ?” ಎಂದೆ ನಾನು ಒಳಗಿನಿಂದಲೇ.

“ಏನು ಮಾಡ್ತಾರಮ್ಮಾ, ಅವರವರ ಕೆಲಸಕ್ಕೆ ಹೋಗಿರ್ತಾರೆ. ಲಾರಿ ಓಡಿಸೋದೋ, ಅಂಗಡಿ ನೋಡ್ಕೊಳ್ಳೋದೋ.”

ಇಷ್ಟು ದೊಡ್ಡದನ್ನು ಕಟ್ಟಿ ನಿಲ್ಲಿಸಿದವರು, ಕೇಳುವವರಿಲ್ಲದೆ ಮನೆಗೆ ಹೋದರೇ? ಆ ದಿನ ದೀಪ ಹಚ್ಚುವಾಗ ಅವರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿದೆ.

ಇದಾದ ಮರುವರ್ಷ ನನ್ನ ತಂಗಿಯ ಮದುವೆ ಗೊತ್ತಾಯಿತು. ನಮ್ಮ ತವರು ಮರಳವಾಡಿ. ತಂಗಿ ಅಂಬೆಗಾಲಿಡುವಾಗಲೇ ನಮ್ಮಮ್ಮ ತೀರಿಕೊಂಡಿದ್ದಳು. ಅವಳನ್ನು ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದವಳು ನಾನು. ನನ್ನ ಮದುವೆಯಾದ ಮೇಲೂ ತಿಂಗಳಲ್ಲಿ ಅರ್ಧ ದಿನ ನನ್ನ ಹತ್ತಿರವೇ ಇರುತ್ತಿದ್ದಳು. ತಾಯಿಲ್ಲದ ಹುಡುಗಿ ಎಂಬ ಒಂದೇ ಮಾತಿಗೆ ಅವಳಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಒಂದು ಕಡೆಯವರು ಮಾತುಕತೆಯ ಹೊತ್ತಿನಲ್ಲಿ ಯಾರೋ ಸೀನಿದರೆಂದು ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದಿದ್ದರು. ಈಗ ಬಂದವನು ಕನಕಪುರದ ಕಡೆಯ ಹುಡುಗ. ರೇಷ್ಮೆ ಸಾಕಣೆಯ ಮನೆ. ಹುಡುಗ ಒಳ್ಳೆಯವನು, ನಮ್ಮ ಹುಡುಗಿಯನ್ನು ಮೆಚ್ಚಿದ್ದ. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅವನ ದೊಡ್ಡಪ್ಪನದು. “ತಾಯಿಲ್ಲದ್ ಮನೆ ಹೆಣ್ಣು ತತ್ತಾವ್ನಿ. ಒಂದ್ ಶಾಸ್ತ್ರನೂ ತಪ್ಪಂಗಿಲ್ಲ,” ಎಂದು ವೀಳ್ಯದ ದಿನವೇ ಹೇಳಿ ಹೋಗಿದ್ದರು.

ಮೈಕ್‌ಸೆಟ್ಟು ನಮ್ಮದೇ. ವಾಲಗಕ್ಕೆ ಮಾಗಡಿ ಕಡೆಯ ತಂಡ ಗೊತ್ತು ಮಾಡಿದ್ದೆವು. ಹಿಂದಿನ ದಿನ ಮಾಗಡಿ ಪಕ್ಕದ ಕಲ್ಯದಲ್ಲಿ ಒಂದು ಮದುವೆ ಮುಗಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬರುವುದಾಗಿ ಮಾತು. ಲಗ್ನದ ಕಾಲವಾದ್ದರಿಂದ ನಮ್ಮ ಹತ್ತಿರವಿದ್ದ ಒಂದೇ ನಾದಸ್ವರದ ರೆಕಾರ್ಡನ್ನು ಯಜಮಾನರು ಚನ್ನಪಟ್ಟಣದ ಇನ್ನೊಬ್ಬ ಮೈಕ್‌ಸೆಟ್ಟಿನವರಿಗೆ ಕೊಟ್ಟು ಕಳಿಸಿದ್ದರು. “ವಾಲಗದೋರೇ ಬರೋವಾಗ ಪ್ಲೇಟ್ ಯಾಕೆ?” ಎಂದಿದ್ದರು. ಸರಿಯಾದ ಮಾತೇ.

ಮದುವೆಯ ಬೆಳಿಗ್ಗೆ ಮೊದಲ ಬಸ್ಸು ಬಂತು. ವಾಲಗದವರು ಇಳಿಯಲಿಲ್ಲ. ಎರಡನೆಯದು ಬಂತು, ಅದರಲ್ಲೂ ಇಲ್ಲ. ದಾರಿಯಲ್ಲಿ ಮಾಗಡಿಯ ಬಸ್ಸು ಕೆಟ್ಟು ನಿಂತಿದೆ ಎಂದು ಅದರಲ್ಲಿ ಬಂದ ನೆಂಟರು ಹೇಳಿದರು. ಮನೆಯ ಮುಂದೆ ಚಪ್ಪರದಲ್ಲಿ ಐನೋರು ಕೂತು ಮಂತ್ರ ಶುರು ಮಾಡಿಯಾಗಿತ್ತು. ಮುಹೂರ್ತ ಹತ್ತಿರ ಬರುತ್ತಿತ್ತು. ಅದು ತಪ್ಪಿದರೆ ಮುಂದೆ ಆಷಾಢ.

ಗಂಡಿನ ದೊಡ್ಡಪ್ಪ ಚಪ್ಪರದ ನಡುವೆ ಎದ್ದು ನಿಂತರು. “ಏನ್ ಬೀಗ್ರೇ, ವಾಲಗ ಎಲ್ಲಿ?”

ಅಪ್ಪ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, “ಬತ್ತಾವ್ರೆ ಸ್ವಾಮಿ, ಬಸ್ಸು ಕೆಟ್ಟೋಗೈತಂತೆ,” ಎಂದರು.

“ಮುಹೂರ್ತ ಬಸ್ಸಿಗ್ ಕಾಯ್ತದಾ? ಗಟ್ಟಿಮೇಳ ಇಲ್ದೆ ತಾಳಿ ಕಟ್ಟಾದೆಂಗೆ? ಆ ಗಳ್ಗೇಲಿ ಯಾರಾರಾ ಸೀನ್‌ಬುಟ್ರೆ, ಅತ್ತುಬುಟ್ರೆ, ಅದು ಕಿವೀಗ್ ಬಿದ್ರೆ ಯಾರ್ ಹೊಣೆ? ಮೊದ್ಲೇ ತಾಯಿಲ್ಲದ್ ಹುಡ್ಗಿ.”

ತಂಗಿ ಹಸೆಯ ಮೇಲೆ ತಲೆ ತಗ್ಗಿಸಿದಳು. ಬಾಸಿಂಗ ಅಲ್ಲಾಡುತ್ತಿತ್ತು.

ಯಜಮಾನರು ಮುಂದೆ ಬಂದರು. “ಸಿನಿಮಾದ ಮದ್ವೆ ಹಾಡೈತೆ ದೊಡ್ಡಪ್ಪ, ಜೋರಾಗಿ ಹಾಕ್ತೀನಿ.”

“ಮರ ಸುತ್ತಿ ಓಡೋ ಹಾಡ್ಗೆ ನಮ್ ಹುಡುಗನ್ ಕೈಲಿ ತಾಳಿ ಕಟ್ಟುಸ್ತೀಯೇನಪ್ಪಾ?”

“ದೇವ್ರ ನಾಮ?”

“ಅದು ಮಲಗ್ಸೋ ಹಂಗೈತೆ. ಅದ್ರಾಗೆ ಸೀನಿದ್ರೆ ಇನ್ನೂ ಚೆನ್ನಾಗ್ ಕೇಳ್ತದೆ.”

ಯಾರೋ ಜಾಗಟೆ ತರಲು ಓಡಿದರು. ದೊಡ್ಡಪ್ಪ ಗದರಿದರು. “ಜಾಗಟೆ ಬರೀ ಸುಬಕ್ಕೇ ಬಾರುಸ್ತಾರೇನ್ಲಾ? ಮಡಗಲಾ ಅಲ್ಲೇ.” ಅವರ ಕಡೆಯ ಹೆಂಗಸರು ಒಬ್ಬೊಬ್ಬರೇ ಚೀಲ ಕೈಗೆ ತೆಗೆದುಕೊಳ್ಳುವುದು ನನಗೆ ಕಾಣುತ್ತಿತ್ತು. ನಮ್ಮ ಹುಡುಗಿಯ ಮೂರನೆಯ ಸಂಬಂಧವೂ ಹಸೆಮಣೆಯ ಮೇಲೇ ತಪ್ಪುವುದರಲ್ಲಿತ್ತು. ಮಾಗಡಿ ರಂಗನಾಥಾ ಎಂದೆ. ಅದೇ ಉಸಿರಿನಲ್ಲಿ ಯಜಮಾನರ ತೋಳು ಹಿಡಿದು ಎಳೆದೆ.

“ನೋಡಿ, ಟೆಸ್ಟ್ ಪ್ಲೇಟ್ ಐತಲ್ಲ.”

“ತಲೆಗಿಲೆ ಕೆಟ್ಟೈತಾ ನಿಂಗೆ? ಕಲ್ ತಗಂಡ್ ಹೊಡೀತಾರೆ ಅಷ್ಟೇ.”

“ಕೊನೇಲಿ ಬರೋದ್ರಲ್ಲಿ ಮಾತಿಲ್ಲ, ಹಾಡಿಲ್ಲ. ಬರೀ ಬಾರ್ಸೋದು. ಗಟ್ಟಿಮೇಳ ಇನ್ನೇನು ಮತ್ತೆ?”

ಅವರು ನನ್ನ ಮುಖ ನೋಡಿದರು, ಚಪ್ಪರ ನೋಡಿದರು. ಹೋಗಿ ಐನೋರ ಕಿವಿಯಲ್ಲಿ ಹೇಳಿದರು. ಐನೋರು ವಯಸ್ಸಾದವರು. ಎಲ್ಲರಿಗೂ ಕೇಳುವಂತೆ ಹೇಳಿದರು. “ಮಂಗಳವಾದ್ಯ ಆಗ್ಬೇಕು, ಅಶುಭ ಶಬ್ದ ಕೇಳಬಾರ್ದು. ಇಷ್ಟೇ ನಂಗೊತ್ತಿರೋದು. ವಾದ್ಯ ಯಾವೂರ್ದು ಅಂತ ನಮ್ಮಪ್ಪ ನಂಗೆ ಹೇಳ್ಕೊಟ್ಟಿಲ್ಲ.”

“ಆಯ್ತು, ನೋಡೇಬುಡಾನ,” ಎಂದರು ದೊಡ್ಡಪ್ಪ. “ಕೆಟ್ರೆ ಮಾತ್ರ ನಾವು ಎದ್ದೋಯ್ತೀವಿ.”

ಪ್ಲೇಯರು ಚಪ್ಪರದ ಮೂಲೆಯಲ್ಲಿತ್ತು. ಹಾರ್ನು ಹುಣಸೆಮರದ ಮೇಲೆ. ಅವತ್ತು ಬ್ಯಾಟರಿಯ ಕ್ಲಿಪ್ಪು ಸಡಿಲವಾಗಿ ಬೆಳಿಗ್ಗೆಯಿಂದ ಕಾಟ ಕೊಡುತ್ತಿತ್ತು. ಯಜಮಾನರು ನೆಲದ ಮೇಲೆ ಕೂತು ಅದನ್ನು ಎರಡು ಕೈಯಲ್ಲೂ ಒತ್ತಿ ಹಿಡಿದರು. “ಮುಳ್ಳು ನೀನೇ ಇಡ್ಬೇಕು. ಒಳಗಡೆ ಗೆರೆ ಎಲ್ಲಿ ಬೂದಿ ಬಣ್ಣ ಆಯ್ತದೋ ಅಲ್ಲಿ, ಅಲ್ಲಿಂದ್ಲೇ ಡ್ರಮ್ಮು. ಕೈ ನಡುಗುಸ್ಬ್ಯಾಡ.”

ಧಾರೆಯ ಹೊತ್ತಿಗೆ ತಾಯಿಯ ಜಾಗದಲ್ಲಿ ತಂಗಿಯ ಪಕ್ಕ ನಿಲ್ಲಬೇಕಾದವಳು ನಾನು. ಹೊಸ ಸೀರೆಯುಟ್ಟು, ಮಂಡಿಯೂರಿ, ಮೂಲೆಯಲ್ಲಿ ತಿರುಗುವ ಕರಿಯ ತಟ್ಟೆಯ ಮುಂದೆ ಕೂತಿದ್ದೆ. ತಂಗಿ ಒಮ್ಮೆ ತಿರುಗಿ ನನ್ನನ್ನು ಹುಡುಕಿದಳು. ಇಲ್ಲೇ ಇದ್ದೀನಿ ಎಂದು ತಲೆಯಾಡಿಸಿದೆ.

ಐನೋರು ಕೈ ಎತ್ತಿದರು. “ಗಟ್ಟಿಮೇಳ! ಗಟ್ಟಿಮೇಳ!”

ಮುಳ್ಳು ಇಳಿಸಿದೆ. ಕೊಳಲು ಬಂತು. ಒಂದು ಕೂದಲೆಳೆಯಷ್ಟು ಹೊರಗೆ ಇಟ್ಟಿದ್ದೆ. ಹುಣಸೆಮರದ ಮೇಲಿಂದ ತೆಳ್ಳಗೆ, ಒಂಟಿಯಾಗಿ ಕೊಳಲು. ಚಪ್ಪರವೆಲ್ಲ ಸುಮ್ಮನಾಯಿತು. ಹುಡುಗನ ಎರಡು ಕೈ ತಾಳಿ ಹಿಡಿದು ತಂಗಿಯ ಕತ್ತಿನ ಹತ್ತಿರ ನಿಂತುಬಿಟ್ಟವು. ದೊಡ್ಡಪ್ಪ ತಲೆ ಎತ್ತಿ ಹಾರ್ನು ನೋಡಿದರು. ಮುಳ್ಳು ಎತ್ತಿ ಮತ್ತೆ ಇಡೋಣವೆಂದರೆ ಕರ್ ಎಂದು ಕೆಟ್ಟ ಸದ್ದು ಬರುತ್ತದೆ. ಎತ್ತಬಾರದು. ಆ ಕೊಳಲಿನಲ್ಲಿ ನನಗೆ ಅಮ್ಮ ನೆನಪಾದಳು. ಅಮ್ಮ ಇದ್ದಿದ್ದರೆ ಎಲ್ಲಿ ನಿಂತಿರುತ್ತಿದ್ದಳೋ ಆ ಜಾಗ ಖಾಲಿ ಇತ್ತು, ಈಗ ನಾನೂ ಅಲ್ಲಿರಲಿಲ್ಲ. ಎದೆಯೊಳಗಿಂದ ಅಳು ಕಿತ್ತುಕೊಂಡು ಬಂತು. ತಾಳಿಯ ಗಳಿಗೆಯಲ್ಲಿ ಯಾವುದು ಕೇಳಬಾರದಿತ್ತೋ ಅದೇ ನನ್ನ ಗಂಟಲಿಗೆ ಬಂದು ಕೂತಿತು. ಸೆರಗು ಬಾಯಿಗೆ ತುರುಕಿದೆ. ನಿಲ್ಲಲಿಲ್ಲ.

ಆಗ ಅವರು ಬಾರಿಸಿದರು.

ಹೇಗೆಂದು ಬರೆಯಲಿ! ನಮ್ಮ ಮಾಳಿಗೆಯ ಮೇಲೆ ನೂರು ಸಲ ಕೇಳಿದ್ದು ಅದಲ್ಲವೇ ಅಲ್ಲ. ಡ್ರಮ್ಮುಗಳು ಹಳ್ಳಕ್ಕೆ ಬಂಡೆ ಉರುಳಿದಂತೆ ಉರುಳಿದವು. ಆರ್ಗನ್ನು ಅವುಗಳ ಮೇಲೆ ಆಕಾಶದಷ್ಟಗಲ ಹರಡಿಕೊಂಡಿತು. ಹುಣಸೆಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಚಪ್ಪರದ ಮಾವಿನ ತೋರಣ ಗಾಳಿಯಿಲ್ಲದೆ ನಡುಗಿತು. ನಾನು ಬಾಯಿಬಿಟ್ಟು ಅತ್ತೆ. ಅಮ್ಮ ತೀರಿಕೊಂಡ ದಿನ ಕೂಸನ್ನು ಎತ್ತಿಕೊಂಡಿದ್ದರಿಂದ ಅಳಲು ಆಗಿರಲಿಲ್ಲ, ಅದೂ ಸೇರಿ ಬಂತು. ಪಕ್ಕದಲ್ಲೇ ಕ್ಲಿಪ್ಪು ಹಿಡಿದು ಕೂತಿದ್ದ ಯಜಮಾನರಿಗೂ ಅದು ಕೇಳಲಿಲ್ಲ. ನನಗೇ ನನ್ನ ದನಿ ಕೇಳಲಿಲ್ಲ. ಆ ಆರು ಜನ ಅದನ್ನು ಪೂರ್ತಿ ಮುಚ್ಚಿಬಿಟ್ಟರು. ಗಟ್ಟಿಮೇಳ ಯಾತಕ್ಕೆ ಎಂದು ಅಷ್ಟು ವರ್ಷ ಮದುವೆಗಳಿಗೆ ಹೋಗಿಯೂ ನನಗೆ ತಿಳಿದಿರಲಿಲ್ಲ. ಅವತ್ತು ತಿಳಿಯಿತು.

ಕಣ್ಣು ಒರೆಸಿಕೊಂಡು ನೋಡಿದರೆ ಅಕ್ಷತೆ ಮಳೆಯಂತೆ ಬೀಳುತ್ತಿತ್ತು. ತಂಗಿಯ ಕತ್ತಿನಲ್ಲಿ ತಾಳಿ ಇತ್ತು. ದೊಡ್ಡಪ್ಪ ಕೈತುಂಬ ಅಕ್ಷತೆ ಹಿಡಿದು ಎರಚುವುದನ್ನೇ ಮರೆತು, ಬಾಯಿ ತೆರೆದು ಮರದ ಕಡೆ ನೋಡುತ್ತಾ ನಿಂತಿದ್ದರು.

ರೆಕಾರ್ಡು ಇನ್ನೂ ಓಡುತ್ತಿದ್ದಾಗಲೇ ರಸ್ತೆಯಲ್ಲಿ ಒಂದು ಲಾರಿ ನಿಂತು, ಕಲ್ಯದಿಂದ ಬಂದ ನಮ್ಮ ವಾಲಗದವರು ಧುಮುಕಿದರು. ಕ್ಷಮಾಪಣೆ ಕೇಳಲು ಬಂದ ಡೋಲಿನವರು ಅರ್ಧದಲ್ಲೇ ನಿಂತು ಕಿವಿಗೊಟ್ಟರು. ಬೆರಳು ಮಡಿಸಿ ಎಣಿಸಿದರು. “ಏಳೇಟು ಕಣಪ್ಪೋ! ಯಾರು ಇವ್ರು?” ಎಂದವರೇ ಡೋಲು ಕೊರಳಿಗೆ ಹಾಕಿಕೊಂಡು ಎರಡು ಸುತ್ತು ಕಾದು, ಮೂರನೆಯ ಸುತ್ತಿಗೆ ಸೇರಿಕೊಂಡರು. ನಾದಸ್ವರದವರು ಊದಿ ನೋಡಿ, ಶ್ರುತಿ ಕೂಡಲಿಲ್ಲವೆಂದು ನಗುತ್ತಾ ಕೆಳಗಿಟ್ಟರು. ರೆಕಾರ್ಡು ಮುಗಿಯುವವರೆಗೆ ನಮ್ಮ ಡೋಲೂ ಅವರ ಡ್ರಮ್ಮೂ ಒಂದೇ ಚಪ್ಪರದಲ್ಲಿ ನುಡಿದವು. ಇಂಥದ್ದನ್ನು ನೋಡಲು ಕಣ್ಣು ಕಿವಿ ಕೊಟ್ಟ ಭಗವಂತ ದೊಡ್ಡವನು. ನಾನು ಬೇರೇನೂ ಹೇಳಲಾರೆ.

ಊಟಕ್ಕೆ ಎಲೆ ಹಾಕುವ ಮುನ್ನ ದೊಡ್ಡಪ್ಪ ಪ್ಲೇಯರಿನ ಹತ್ತಿರ ಬಂದರು. ಕವರಿನ ಹಿಂದಿನ ಪಟಕ್ಕೆ ಕಣ್ಣು ಹತ್ತಿರ ಹಿಡಿದರು.

“ಯಾವೂರೋರಪ್ಪ ಇವ್ರು?”

“ಅಮೆರಿಕಾದೋರು,” ಎಂದರು ಯಜಮಾನರು.

“ಕ್ಷೌರದೋರ್ ಸಿಕ್ಕಾಕಿಲ್ವಾ ಆ ದೇಸ್ದಲ್ಲಿ?” ಎಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಖ ಗಂಭೀರವಾಯಿತು. “ಏನಾರಾ ಇರ್ಲಿ, ಬಾರ್ಸವ್ರೆ ಕಣಯ್ಯ. ತಾಂಬೂಲ ಕೊಟ್ರಾ?”

“ಯಾರ್ಗೆ?”

“ಇವ್ರಿಗೆ ಕಣಪ್ಪ. ಗಟ್ಟಿಮೇಳ ಬಾರ್ಸ್ದೋರ್ಗೆ ತಾಂಬೂಲ ಕೊಡ್ದೆ ನಾವು ಉಣ್ಣಂಗಿಲ್ಲ. ಶಾಸ್ತ್ರ.”

ಡೋಲಿನವರಿಗೇ ಕೊಟ್ಟುಬಿಡೋಣವೆಂದು ಅಪ್ಪ ತಟ್ಟೆ ನೀಡಿದರು. ಅವರು ಕೈ ಹಿಂದೆ ಕಟ್ಟಿಕೊಂಡರು. “ನಾಗೋಲಿ ಶಾಸ್ತ್ರಕ್ ಬಾರುಸ್ತೀವಿ, ಅದರದ್ದು ಈಸ್ಕತೀವಿ. ತಾಳಿಗ್ ಬಾರ್ಸ್ದೋರು ಅವ್ರು. ಅವ್ರ ಪಾಲು ನಾವ್ ಮುಟ್ಟಾಕಿಲ್ಲ.”

ಕೊನೆಗೆ ತಂಗಿಯೂ ಹುಡುಗನೂ ಬಂದು, ಎಲೆ ಅಡಿಕೆ ಬಾಳೆಹಣ್ಣು ತೆಂಗಿನಕಾಯಿಯ ತಟ್ಟೆಯನ್ನು ಕವರಿನ ಮುಂದೆ ಇಟ್ಟು ಕೈಮುಗಿದರು. ಆಮೇಲೇ ಗಂಡಿನ ಕಡೆಯವರು ಊಟಕ್ಕೆ ಕೂತದ್ದು. ಸಂಜೆ ಹೆಣ್ಣು ಒಪ್ಪಿಸುವಾಗ ದೊಡ್ಡಪ್ಪ ತಂಗಿಯ ತಲೆ ಮುಟ್ಟಿ, “ಬಾ ಮಗಾ, ನಿನ್ನ ಮದ್ವೆಗೆ ಸಮುದ್ರದಾಚೆಯಿಂದ ವಾಲಗ ಬಂತು,” ಎಂದರು. ಅಷ್ಟು ಸಾಕಿತ್ತು ನನಗೆ.

ಉಳಿದದ್ದು ಆ ತಾಂಬೂಲ. ಒಬ್ಬರ ಹೆಸರಿನಲ್ಲಿ ಇಟ್ಟದ್ದನ್ನು ಇನ್ನೊಬ್ಬರು ತಿನ್ನಬಾರದು, ಎಸೆಯಲೂ ಬಾರದು. ರಾಮನಗರಕ್ಕೆ ತಂದು, ಸ್ನಾನ ಮಾಡಿ, ತಟ್ಟೆಯನ್ನೂ ಕವರನ್ನೂ ಚೀಲದಲ್ಲಿಟ್ಟುಕೊಂಡು ಬೆಟ್ಟದ ರಾಮದೇವರ ಗುಡಿಗೆ ಹತ್ತಿದೆ. ಅವರ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಿದರೆ ಅವರಿಗೆ ಸಲ್ಲುತ್ತದೆ ಎಂದು ಲೆಕ್ಕ.

ಅರ್ಚಕರು ತಟ್ಟೆ ತೆಗೆದುಕೊಂಡರು. “ಯಾರ ಹೆಸರಿಗಮ್ಮ?”

“ಆರು ಜನ ಸ್ವಾಮಿ. ಹೆಸ್ರು ಇದ್ರಲ್ಲೈತೆ,” ಎಂದು ಕವರು ಕೊಟ್ಟೆ.

ಅವರು ಕವರು ನೋಡಿದರು, ನನ್ನನ್ನು ನೋಡಿದರು. “ಗೋತ್ರ?”

“ಗೊತ್ತಿಲ್ಲ ಸ್ವಾಮಿ.”

“ನಕ್ಷತ್ರ?”

“ಅದೂ ಗೊತ್ತಿಲ್ಲ.”

“ಬದುಕಿದ್ದಾರೋ?”

“ಇರ್ಲಿ ಅಂತ್ಲೇ ಮಾಡ್ಸೋದು,” ಎಂದೆ.

ಅರ್ಚಕರು ಕನ್ನಡಕ ಹಾಕಿಕೊಂಡು ದೀಪದ ಬೆಳಕಿಗೆ ಕವರು ಹಿಡಿದು, ಆ ಬಾಯಿ ತಿರುಗದ ಹೆಸರುಗಳನ್ನು ಒಂದೊಂದಾಗಿ, ಸಹಸ್ರನಾಮ ಹೇಳುವ ರಾಗದಲ್ಲೇ ರಾಮದೇವರಿಗೆ ಒಪ್ಪಿಸಿದರು. ಒಂದೊಂದು ಹೆಸರಿಗೆ ಒಂದೊಂದು ತುಳಸಿ ದಳ. ಅವರ ಊರಿನಲ್ಲಿ ಯಾರೂ ಕೂಗದ ಹೆಸರುಗಳು ಕಲ್ಲಿನ ಗರ್ಭಗುಡಿಯೊಳಗೆ ಸುತ್ತಿ ಸುತ್ತಿ ಕೇಳಿದವು.

ಮಂಗಳಾರತಿ ಕೊಟ್ಟು, ಪ್ರಸಾದದ ಜೊತೆ ಕವರು ವಾಪಸು ಕೊಡುವಾಗ ಅರ್ಚಕರಿಗೆ ತಡೆಯಲಾಗಲಿಲ್ಲ. “ಇವರೆಲ್ಲ ನಿಮಗೆ ಏನಾಗ್ಬೇಕಮ್ಮ?” ಎಂದರು.

“ನಮ್ ಹುಡ್ಗಿ ಮದ್ವೇಲಿ ವಾಲಗ ಊದ್ದೋರು ಸ್ವಾಮಿ,” ಎಂದೆ.